ಓಡಿದಳು

ನಾನು ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕ್ರೀಡಾ ಹಾಸ್ಟೆಲಿನ ಆಯ್ಕೆಗಾರರು ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಟೇಪು ಹಿಡಿದು ಮಕ್ಕಳ ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ. ಸಂತೆಯಲ್ಲಿ ಎತ್ತು ನೋಡಿದ ಹಾಗೆ. ಹಲ್ಲು ಎಣಿಸುವುದೊಂದು ಬಾಕಿ. ನಾನು ನೋಡುವುದು ಬೇರೆ. ಓಟ ಮುಗಿದ ಮೇಲೆ ಯಾರ ಉಸಿರು ಬೇಗ ಹದಕ್ಕೆ ಬರುತ್ತದೆ, ಸೋತ ಮಗು ಮತ್ತೆ ಗೆರೆಗೆ ಬಂದು ನಿಲ್ಲುತ್ತದೋ ಇಲ್ಲವೋ. ಹಾಗೆ ಟೇಪಿಲ್ಲದೆ, ಬರಿಗಣ್ಣಲ್ಲಿ ನೋಡಿ ಹಿಡಿದದ್ದೇ ಒಬ್ಬ ಹುಡುಗಿಯನ್ನು. ಈಗ ಯಾವ ಹುಡುಗಿ ಮೈದಾನಕ್ಕೆ ಇಳಿದರೂ ನನಗೆ ಆ ಒಬ್ಬಳ ಕಾಲುಗಳೇ ಕಾಣುತ್ತವೆ.

ಆಗ ನಾನು ಮಣ್ಣೂರಿನ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ತೊಗರಿ ಹೊಲಕ್ಕೆ ನುಗ್ಗಿದ ಎಮ್ಮೆಯ ಹಿಂದೆ ಅವಳು ಓಡುತ್ತಿದ್ದಳು. ಎರೆಮಣ್ಣಿನ ಹೆಂಟೆಗಳ ಮೇಲೆ, ಬರಿಗಾಲಲ್ಲಿ. ತಲೆ ಮಾತ್ರ ಒಂಚೂರೂ ಅಲುಗುತ್ತಿರಲಿಲ್ಲ. ಮರುದಿನದಿಂದಲೇ ಭೀಮಾ ನದಿಯ ಉಸುಕಿನಲ್ಲಿ ಅವಳನ್ನು ಓಡಿಸತೊಡಗಿದೆ. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಹಾಸ್ಟೆಲಿನ ಸೀಟು ಬಿಟ್ಟು ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಆಯ್ಕೆ ಇದ್ದದ್ದು ಅಫಜಲಪುರದಲ್ಲಿ. ಸೋದರಮಾವ ಜೊತೆಗೆ ಹೋಗುವುದಾದರೆ ಆಗಲಿ ಎಂದು ಅವಳ ಅಪ್ಪ ಒಪ್ಪಿದ್ದ. ಎಂಟುನೂರು ಮೀಟರಿನ ಕೊನೆಯ ತಿರುವಿನಲ್ಲಿ ಅವಳ ಹತ್ತಿರಕ್ಕೂ ಯಾರೂ ಇರಲಿಲ್ಲ. ಸೀಟು ಖಾತ್ರಿ, ಮುಂದಿನ ವಾರ ತಂದೆಯನ್ನು ಕರೆದುಕೊಂಡು ಬನ್ನಿ ಎಂದರು. ಮಾವನಿಗೆ ಸಂತೋಷ ತಡೆಯಲಾಗಲಿಲ್ಲ. ಊರಿನ ಚಹಾದ ಹೊಟೇಲಿಗೆ ಫೋನ್ ಹಚ್ಚಿ ಕೂಗಿದ:

"ಏ, ನಮ್ಮ ಹುಡುಗಿ ಓಡಿದಳಲೇ! ಯಾರ ಕೈಗೂ ಸಿಗಲಾರ್ದಂಗ ಓಡಿದಳು! ಅವರಪ್ಪಗ ಹೇಳು!"

ಅಷ್ಟಕ್ಕೆ ಫೋನ್ ಕಟ್ಟಾಯಿತು. ಹೊಟೇಲಿನವನಿಗೆ ಆಯ್ಕೆಯ ಸುದ್ದಿ ಗೊತ್ತಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿ ಓಡಿದಳೆಂದರೆ ನಮ್ಮ ಕಡೆ ಒಂದೇ ಅರ್ಥ.

ಸಂಜೆ ನಾವು ಮೂವರೂ ಬಸ್ಸಿಳಿದಾಗ ಊರೆಲ್ಲ ಹೊಟೇಲಿನ ಮುಂದೆ ನೆರೆದಿತ್ತು. ಮಾವನ ಕಣ್ಣು ತಪ್ಪಿಸಿ ಅಫಜಲಪುರದಿಂದಲೇ ಯಾರದೋ ಜೊತೆ ಹೋದಳೆಂದು ಮನೆಯವರೂ ನಂಬಿಬಿಟ್ಟಿದ್ದರು. ಅವಳ ತಾಯಿ ನೆಲಕ್ಕೆ ಕುಕ್ಕರಿಸಿ ಅಳುತ್ತಿದ್ದಳು. ಎದೆಯ ಮೇಲೆ ಓಟದ ನಂಬರು ಅಂಟಿಸಿಕೊಂಡೇ ಹುಡುಗಿ ಬಸ್ಸಿನಿಂದ ಜಿಗಿದಳು. ಮಾವ ಎಲ್ಲ ಬಿಡಿಸಿ ಹೇಳಿದ ಮೇಲೆ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ವಿಷಯ ಅಲ್ಲಿಗೇ ಮುಗಿಯಿತೆಂದುಕೊಂಡು ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮರುದಿನ ಅವರ ಮನೆಗೆ ಹೋದೆ. ಅಪ್ಪ ಚಹಾ ಕೊಡಿಸಿದ.

"ಮೇಡಂರಿ, ನನ್ನ ಮಗಳು ಎಂಥಾಕಿ ಅಂತ ನನಗ ಗೊತ್ತದರಿ. ಖರೇ, ನಿನ್ನಿ ಒಂದ್ ತಾಸು ಆಕಿ ಊರ ಬಾಯಾಗ ಓಡಿ ಹೋದಾಕಿ ಆಗಿದ್ದಳು. ಅದನ್ನ ಯಾರು ಮರೀತಾರ್ರಿ? ಈಗ ಹಾಸ್ಟೆಲಿಗೆ ಕಳಿಸಿದ್ರ, ಅವತ್ತು ಕೇಳಿದ್ದು ಖರೇನೇ ಇತ್ತು ಅಂತಾರ."

ಬೇಡಿಕೊಂಡೆ, ಜಗಳವಾಡಿದೆ. ಮಾವ ಹೊಸ್ತಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಅಪ್ಪ ದನಿ ಏರಿಸಲಿಲ್ಲ, ಮಾತು ಬದಲಿಸಲೂ ಇಲ್ಲ. ಒಳಕೋಣೆಯ ಬಾಗಿಲ ಹಿಂದೆ ಒಂದು ಸಲ ಅವಳ ಬಳೆಯ ಸದ್ದಾಯಿತು, ಅಷ್ಟೇ. ಸೀಟು ಬೇರೆಯವರಿಗೆ ಹೋಯಿತು. ಹದಿನೆಂಟು ತುಂಬಿದ್ದೇ ತಡ, ಜೇವರ್ಗಿ ಕಡೆಯ ಊರಿಗೆ ಮದುವೆ ಮಾಡಿಕೊಟ್ಟರು.

ಈಗ ಯಾವ ಹುಡುಗಿ ಗೆದ್ದರೂ ಮನೆಗೆ ನಾನೇ ಫೋನ್ ಮಾಡುತ್ತೇನೆ. "ನಿಮ್ಮ ಮಗಳು ಪಾಸಾಗ್ಯಾಳ್ರಿ" ಎನ್ನುತ್ತೇನೆ. ಪರೀಕ್ಷೆ ಎಂದುಕೊಂಡರೂ ಚಿಂತೆಯಿಲ್ಲ. ಇನ್ನೊಂದು ಶಬ್ದ ಹೇಳಲು ನನಗೆ ನಿಜಕ್ಕೂ ಭಯ.

ಹೋದ ಬೇಸಿಗೆಯಲ್ಲಿ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಸೊಂಟದ ಮೇಲೆ ಕೂಸು. ನನ್ನ ಗುರುತು ಹಿಡಿದು ನಕ್ಕಳು, ಮೈದಾನದ ಮಾತು ಮಾತ್ರ ಎತ್ತಲಿಲ್ಲ. ಅಷ್ಟರಲ್ಲಿ ಅವಳ ಊರಿನ ಬಸ್ಸು ಹೊರಟಿತು. ಗಂಟುಮೂಟೆ ಹೊತ್ತ ಮುದುಕಿಯರೂ ಅದರ ಹಿಂದೆ ಓಡಿದರು.

"ಕೂಸಿನ್ನ ಇಲ್ಲಿ ಕೊಡು, ಓಡಿ ನಿಲ್ಲಸವ್ವ!" ಎಂದೆ. ಗಾಬರಿಯಲ್ಲಿ ಬಾಯಿಗೆ ಅದೇ ಶಬ್ದ ಬಂತು.

ಅವಳು ಅತ್ತ ಇತ್ತ ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಬ್ಯಾಡ್ರಿ ಮೇಡಂ. ಮಂದಿ ನೋಡ್ತಾರ. ಇನ್ನೊಂದ್ ಬರ್ತದಲ್ರಿ."

ಬಸ್ಸು ಇನ್ನೂ ಗೇಟು ದಾಟಿರಲಿಲ್ಲ.