ಪಡಸಾಲೆಯಲ್ಲಿ ನಡೆದ ಸಂದರ್ಶನ

ಬೆಳಗಿನಿಂದ ಮೂರು ಸಲ ಕಟ್ಟೆಗೆ ಹೋಗಿ ಬಂದೆ. ಹೇಳಲು ದೊಡ್ಡ ಸುದ್ದಿಯಿದೆ, ಕೇಳಲು ಓಣಿಯಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಗೋವಿನಜೋಳದ ಕಳೆ ತೆಗೆಯಲು ಹೋಗಿದ್ದಾರೆ. ಮೂರನೆಯ ಇಯತ್ತೆ ಓದಿದ ಕೈ ನನ್ನದು, ಪೆನ್ನು ಸರಿಯಾಗಿ ನಿಲ್ಲುವುದಿಲ್ಲ. ಆದರೂ ಬರೆಯುತ್ತೇನೆ. ಸಂಜೆಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು.

ಮೊಮ್ಮಗಳು ಹಾನಗಲ್ಲಿನಲ್ಲಿ ಬಿ.ಎ. ಮುಗಿಸಿ, ದೂರದ ವಿಶ್ವವಿದ್ಯಾಲಯವೊಂದಕ್ಕೆ ಸಮಾಜ ಮನೋವಿಜ್ಞಾನದ ಎಂ.ಎ.ಗೆ ಅರ್ಜಿ ಹಾಕಿದ್ದಳು. ಅದೇನು ಓದು ಎಂದು ಕೇಳಿದ್ದೆ.

"ಮನಿಷಾ ಒಬ್ಬನ ಇದ್ದಾಗ ಹೆಂಗಿರ್ತಾನ, ನಾಕ ಮಂದ್ಯಾಗ ಕುಂತಾಗ ಹೆಂಗಾಗ್ತಾನ, ಅದನ್ನ ಓದೂದು ಆಯಿ."

"ಅದಕ್ಕ ಅಷ್ಟ ದೂರ ಯಾಕ ಹೋಗ್ತಿ? ನಮ್ಮ ಕಟ್ಟಿ ಮ್ಯಾಲ ಕುಂತರ ಸಾಲದೇನು?"

ಅರ್ಜಿಯಾಯಿತು, ಪರೀಕ್ಷೆಯಾಯಿತು. ಕಡೆಗೆ ಉಳಿದದ್ದು ಸಂದರ್ಶನ, ಅದೂ ಮುಖ ಕಾಣುವಂತೆ ಫೋನಿನಲ್ಲಿ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಪಡಸಾಲೆಯಲ್ಲಿ ಮಾತ್ರ. ಅವಳು ನನ್ನನ್ನು ಬಾಗಿಲಲ್ಲಿ ಕೂರಿಸಿದಳು.

"ಅರ್ಧಾ ತಾಸು ಯಾರನೂ ಒಳಗ ಬಿಡಬ್ಯಾಡ ಆಯಿ. ಇದು ತಪ್ಪಿದ್ರ ನನ್ನ ಒಂದ ವರ್ಷ ಹೋಗ್ತೈತಿ."

ಐದು ನಿಮಿಷವಾಗಿರಬೇಕು, ಪಕ್ಕದ ಮನೆಯವಳು ಬಟ್ಟಲು ಹಿಡಿದು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಹೊಸ್ತಿಲಿಗೆ ಬಂದವರನ್ನು ಈ ಮನೆಯಲ್ಲಿ ಯಾರೂ ಹಿಂದಕ್ಕೆ ಕಳಿಸಿಲ್ಲ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. "ಬಾ, ಸುಮ್ನ ಕುಂದ್ರು" ಎಂದೆ. ಹೊರಗೆ ಅವಳ ಚಪ್ಪಲಿ ನೋಡಿ ಎದುರು ಮನೆಯವಳು ಬಂದಳು. ಎರಡು ಜೊತೆ ಚಪ್ಪಲಿ ನೋಡಿ ಮತ್ತಿಬ್ಬರು. ಗೋಡೆಗೆ ಆತು ಸಾಲಾಗಿ ಕುಳಿತರು.

"ಏನ ಯಕ್ಕಾ, ಫೋನಿನ್ಯಾಗ ಹೆಣ್ಣ ನೋಡಾಕತ್ತಾರನ?" ಎಂದು ಎದುರು ಮನೆಯವಳು ನನ್ನ ಕಿವಿಯಲ್ಲಿ ಕೇಳಿದಳು.

"ಬಾಯಿ ಮುಚ್ಚ."

ಫೋನಿನೊಳಗಿನ ಮೇಡಂ ಮಾತು ನಿಲ್ಲಿಸಿದರು. "ಹಿಂದೆ ಕೂತಿರೋರು ಯಾರು?"

ಮೊಮ್ಮಗಳು ತಿರುಗಿ ನೋಡಿದಳು. ನೋಡಿದ್ದು ನನ್ನನ್ನೇ. ಆಮೇಲೆ ಹೇಳಿದಳು: "ನಮ್ಮ ಓಣಿಯವರು ಮೇಡಂ. ನಾನು ಯಾರನ್ನೂ ಕರೆದಿಲ್ಲ. ಒಬ್ಬರು ಬಂದದ್ದಕ್ಕೆ ಇನ್ನೊಬ್ಬರು ಬಂದಿದ್ದಾರೆ."

ಮೇಡಂ ನಗಲಿಲ್ಲ. ಇಂಗ್ಲಿಷಿನಲ್ಲಿ ಏನೋ ಕೇಳಿದರು, ಇವಳು ಇಂಗ್ಲಿಷಿನಲ್ಲೇ ಉತ್ತರಿಸಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ.

ಆಮೇಲಿನ ಹತ್ತು ದಿನ ನಾನು ಒಂದು ಕಡೆ ಕುಳಿತವಳಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವಳ ಫೋನು ಸದ್ದು ಮಾಡಿದರೆ ಹಿತ್ತಲಿನಿಂದ ಓಡಿ ಬರುತ್ತಿದ್ದೆ. ಅವಳು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಬಾಗಿಲಲ್ಲಿ ಒಂದೇ ಒಂದು ಮಾತು ಆಡಿದ್ದರೆ ಆಗುತ್ತಿತ್ತಲ್ಲ, ಹುಡುಗಿಯ ಒಂದು ವರ್ಷ ನುಂಗಿದೆನಲ್ಲ ಎಂದು ಒಳಗೇ ಕುದಿದೆ.

ಇವತ್ತು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಳಿತಳು.

"ಆಯಿ, ಲಿಸ್ಟಿನ್ಯಾಗ ಹೆಸರ ಬಂದೈತಿ."

ಹಿಟ್ಟಿನ ಕೈಯಲ್ಲೇ ಫೋನು ಹಿಡಿದೆ. ಅವಳು ಬೆರಳಿಟ್ಟು ತೋರಿಸಿದಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು, ಇಬ್ಬರೂ ತಿರುವಲಿಲ್ಲ.

"ಹಂಗಾರ ನನ್ನ ಮ್ಯಾಲ ಸಿಟ್ಟಿಲ್ಲಲ್ಲ?"

"ಸೀಟೂ ಸಿಕ್ಕೈತಿ, ಸಿಟ್ಟೂ ಐತಿ" ಎಂದು ನನ್ನ ಹೆಗಲಿಗೆ ತಲೆಯಿಟ್ಟಳು.

ಈಗ ಸರ್ಟಿಫಿಕೇಟು ತರಲು ಹಾನಗಲ್ಲಿಗೆ ಹೋಗಿದ್ದಾಳೆ. ಆ ದೂರದ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಬಾಗಿಲು ಹಾಕಿಕೊಂಡೇ ಇರಬೇಕಂತೆ. ಈ ಹುಡುಗಿಗೆ ಹಾಗಿರಲು ಬರುತ್ತದೋ ಇಲ್ಲವೋ ಎಂದು ಆಗಲೇ ಚಿಂತೆ ಹತ್ತಿದೆ. ಚಿಂತೆ ಮಾಡುತ್ತಲೇ ನಗುತ್ತಿದ್ದೇನೆ.