ಬಾಗಿಲಿಗಿಂತ ಎರಡು ಬೆರಳು ಎತ್ತರ

ದುರ್ಗಾ ಪೂಜೆಯ ಪಂಚಮಿ, ಬೆಳಕು ಈಗಷ್ಟೇ ಹರಿಯುತ್ತಿದೆ. ಕಲ್ಕತ್ತೆಯ ಕಸ್ಬಾದ ಈ ಓಣಿಯ ಕೊನೆಯಲ್ಲಿ ಪೆಂಡಾಲಿನ ಬಿದಿರಿಗೆ ಇನ್ನೂ ಬಟ್ಟೆ ಸುತ್ತುತ್ತಿದ್ದಾರೆ. ಊರಿಂದ ಬಂದ ಢಾಕ್ ಬಾರಿಸುವವರು ತಮ್ಮ ದೊಡ್ಡ ಡೋಲುಗಳ ಪಕ್ಕದಲ್ಲೇ ಕೂತು ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದಾರೆ. ಅವರ ಎದುರಿನ ಶೆಡ್ಡಿನಲ್ಲಿ ವೀರಭದ್ರಪ್ಪ ಕಮ್ಮಾರ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾರೆ. ಬಲಗೈ ಬಾಗಿಲ ಮೇಲಿನ ಲಿಂಟಲ್ ಮೇಲಿದೆ. ಎಡಗೈ ಪಿಕಪ್ ಗಾಡಿಯ ಕಬ್ಬಿಣದ ಕಮಾನಿನ ಮೇಲಿದೆ. ಕಮಾನು ಲಿಂಟಲಿಗಿಂತ ಮೇಲಿದೆ. ಗಾಡಿ ಹೊರಗೆ ಬರುವುದಿಲ್ಲ.

ವೀರಭದ್ರಪ್ಪ ಸ್ಟೂಲಿನಿಂದ ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಇನ್ನೊಮ್ಮೆ ನೋಡಿದರೆ ಲೆಕ್ಕ ಬದಲಾಗಬಹುದೇನೋ ಎಂಬ ಆಸೆ. ಬದಲಾಗುವುದಿಲ್ಲ.

ಗಾಡಿಯ ಯಜಮಾನ ಪ್ರಸನ್ನ ಬೆಂಗಳೂರಿನ ಹುಡುಗ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅವನಿಗೆ ಬೆಟ್ಟ, ಕೆಸರು, ಹೊಳೆ ದಾಟುವ ಹುಚ್ಚು. ಆ ಹುಚ್ಚಿಗೆ ತಕ್ಕಂತೆ ಈ ಗಾಡಿಗೆ ಏನೇನು ಆಗಿದೆ ನೋಡಿ. ಟ್ರ್ಯಾಕ್ಟರಿಗೆ ಹಾಕಬಹುದಾದಷ್ಟು ದಪ್ಪ ಟಯರು. ಮುಂದೆ ಎಮ್ಮೆ ಗುದ್ದಿದರೂ ಬಾಗದ ಕಂಬಿ, ಅದರ ನಡುವೆ ಕೆಸರಿನಿಂದ ಎಳೆದುಕೊಳ್ಳಲು ತಂತಿ ಸುತ್ತಿದ ಮೋಟರು. ನೀರಿಗಿಳಿದರೂ ಇಂಜಿನ್ ಉಸಿರಾಡಲಿ ಎಂದು ಬಾನೆಟ್ಟಿನ ಪಕ್ಕದಿಂದ ಚಾವಣಿಯವರೆಗೆ ಏರಿದ ಗಾಳಿಯ ಕೊಳವೆ. ಹೊಟ್ಟೆಗೆ ಕಲ್ಲು ಬಡಿಯದಂತೆ ಉಕ್ಕಿನ ತಗಡು. ಹಿಂದಿನ ತೊಟ್ಟಿಯಲ್ಲಿ, ಗಾಡಿ ಮಗುಚಿದರೆ ಒಳಗಿದ್ದವರ ತಲೆ ಉಳಿಸಲು, ಕ್ಯಾಬಿನ್ನಿಗಿಂತ ಒಂದು ಮುಷ್ಟಿ ಎತ್ತರದ ಕಬ್ಬಿಣದ ಕಮಾನು. ಆ ಕಮಾನಿನ ಮೇಲೆ ಸಾಲು ದೀಪ, ಅವನ್ನೆಲ್ಲ ಒಟ್ಟಿಗೆ ಹಚ್ಚಿದರೆ ಪೂಜೆಯ ಪೆಂಡಾಲಿಗೆ ಬೇರೆ ಲೈಟಿಂಗ್ ಬೇಡ. ಇಷ್ಟೆಲ್ಲ ಸಿಂಗಾರಗೊಂಡ ಈ ಗಾಡಿ ಶೆಡ್ಡಿಗೆ ಬರುವ ಮೊದಲು ವಾರದ ಐದು ದಿನ ಕಸ್ಬಾದಿಂದ ಸಾಲ್ಟ್ ಲೇಕಿಗೆ ಹೋಗಿ, ನೆರಳು ಹುಡುಕಿ ನಿಂತು, ಸಂಜೆ ಹಿಂದಿರುಗುತ್ತಿತ್ತು.

ಇಂದು ಮಾತ್ರ ಹಾಗಲ್ಲ. ಪೂಜೆಯ ರಜೆಗೆ ಪ್ರಸನ್ನ ಮತ್ತು ಗೆಳೆಯರು ಉತ್ತರಕ್ಕೆ, ಡಾರ್ಜಿಲಿಂಗ್ ಕಡೆಯ ಬೆಟ್ಟದ ಕಲ್ಲುದಾರಿಗೆ ಹೊರಟಿದ್ದಾರೆ. ಉಳಿದ ಗಾಡಿಗಳು ಆಗಲೇ ಸಾಲ್ಟ್ ಲೇಕಿನಲ್ಲಿ ಕಾಯುತ್ತಿವೆ. ಈ ಗಾಡಿಯ ಮುಂದಿನ ಸೀಟು ವೀರಭದ್ರಪ್ಪನವರದು. ಅದಕ್ಕಾಗಿ ಅವರು ಬಹಳ ಕಾಲ ಕಾದಿದ್ದಾರೆ.

ಗದಗ ಸೀಮೆಯ ಕಮ್ಮಾರರ ಮನೆಯ ವೀರಭದ್ರಪ್ಪ ಕಲ್ಕತ್ತೆಗೆ ಬಂದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಅಕ್ಕನ ಗಂಡ ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಮೈದುನನಿಗೂ ಒಂದು ಕುರ್ಚಿ ಕೊಡಿಸಬೇಕೆಂದಿದ್ದರಂತೆ. ಮೈದುನ ಕುರ್ಚಿ ಬಿಟ್ಟು ಹೊಳೆದಂಡೆಯ ಕಡೆ ಹೋದ. ಅಲ್ಲಿ ಹಡಗಿನ ತುಂಡು ಕೆಲಸ ಹಿಡಿಯುವ ಗುತ್ತಿಗೆದಾರನೊಬ್ಬನ ಕೈಕೆಳಗೆ ವೆಲ್ಡಿಂಗ್ ಕಲಿತ. "ಹಡಗಿಗೆ ಹಾಕಿದ ಬೆಸಿಗಿ ಮತ್ತ ಬಿಚ್ಚಂಗಿಲ್ಲ ನೋಡ್ರಿ. ಬಿಚ್ಚಿತಂದ್ರ ಜನ ಮುಳುಗ್ತಾರ. ಅಲ್ಲೇ ಕಲಿತೀನಿ, ಒಮ್ಮೆ ಹಚ್ಚಿದ್ದನ್ನ ಕತ್ತರಸೂ ಹಂಗ ಹಚ್ಚಬಾರದು ಅಂತ" ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ತಮ್ಮ ಬೆಸುಗೆಯನ್ನು ತಾವೇ ಕತ್ತರಿಸಿದ್ದಿಲ್ಲ.

ಗುತ್ತಿಗೆದಾರನ ಕೆಲಸ ನಿಂತಾಗ ಕಸ್ಬಾದ ಈ ಶೆಡ್ಡಿಗೆ ಬಂದರು. ಮೊದಮೊದಲು ಲಾರಿ, ಮ್ಯಾಟಡೋರ್‌ಗಳ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ ಕಟ್ಟುವ ಕೆಲಸ. ಮುರಿದ ಪಟ್ಟಿ ತೆಗೆದು ಬೇರೆ ಹಾಕುವುದು, ಜಗ್ಗಿದ್ದನ್ನು ಕಾಯಿಸಿ ಮತ್ತೆ ಬಾಗಿಸುವುದು. ಬೆನ್ನು ಹೋಗುವ ಕೆಲಸ, ಅವರ ಬೆನ್ನೂ ಹೋಗಿದೆ. ಬಗ್ಗಿದವರು ಏಳುವಾಗ ಗೋಡೆ ಹಿಡಿಯುತ್ತಾರೆ. ವೆಲ್ಡಿಂಗಿನ ಬೆಳಕಿಗೆ ಕಣ್ಣು ಉರಿದ ರಾತ್ರಿಗಳಲ್ಲಿ ಹೆಂಡತಿ ಲೀಲಾ ಒದ್ದೆ ಬಟ್ಟೆ ಇಟ್ಟು ಕೂತಿದ್ದಾರೆ. ವೆಲ್ಡಿಂಗ್ ನಡೆಯುವುದೆಲ್ಲ ನಸುಕಿನಲ್ಲಿ. ಹೊತ್ತೇರಿದ ಮೇಲೆ ಯಂತ್ರ ಹಚ್ಚಿದರೆ ಓಣಿಯ ಫ್ಯಾನುಗಳೆಲ್ಲ ಕುಂಟುತ್ತವೆ, ಮಹಡಿಯ ಮೇಲಿರುವ ಮನೆಯೊಡತಿ ಬೀಣಾ ಮಾಸಿಯ ಟೀವಿ ಚಿತ್ರ ಚಿಕ್ಕದಾಗುತ್ತದೆ. ಮಾಸಿ ಬಾಡಿಗೆ ತಡವಾದರೆ ಸುಮ್ಮನಿರುತ್ತಾರೆ. ಧಾರಾವಾಹಿ ಹೊತ್ತಿಗೆ ಚಿತ್ರ ಕುಗ್ಗಿದರೆ ಮಾತ್ರ ಕೆಳಗಿಳಿದು ಬರುತ್ತಾರೆ.

ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಶೆಡ್ಡಿಗೆ ಬರುವವರ ಚಹರೆ ಬದಲಾಯಿತು. ಕೊರಳಲ್ಲಿ ಕಂಪನಿಯ ಬಿಲ್ಲೆ, ಕೈಯಲ್ಲಿ ಇಂಟರ್‌ನೆಟ್ಟಿನಿಂದ ಅಚ್ಚು ಹಾಕಿಸಿದ ವಿದೇಶಿ ಗಾಡಿಗಳ ಚಿತ್ರ. ಚಿತ್ರದಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ವೀರಭದ್ರಪ್ಪ ಮಲ್ಲಿಕ್ ಬಜಾರಿನ ಹಳೆ ಸಾಮಾನಿನ ರಾಶಿಯಲ್ಲಿ ಹುಡುಕುತ್ತಾರೆ, ಲಾರಿಯ ಪಟ್ಟಿಯನ್ನು ಬಡಿದು ಅದರ ನಾದ ಕೇಳಿ ಆರಿಸುತ್ತಾರೆ, ತಂದು ಕಾಯಿಸಿ ಬಾಗಿಸಿ ಗಾಡಿಯನ್ನು ಮೇಲೆತ್ತುತ್ತಾರೆ. ಸೀಟಿನ ರೆಕ್ಸಿನ್, ತೊಟ್ಟಿಯ ಮೇಲಿನ ಕ್ಯಾನ್ವಾಸ್ ಹೊಲಿಯುವುದು ಲೀಲಾ. ಶೆಡ್ಡಿನ ಮೂಲೆಯಲ್ಲಿ ಅವರ ಮಷೀನಿದೆ. ಗಂಡನ ಸುತ್ತಿಗೆ ನಿಂತಾಗ ಮಾತ್ರ ಅದರ ಸದ್ದು ಕೇಳುತ್ತದೆ.

ಹೀಗೆ ಎತ್ತರವಾದ ಗಾಡಿಗಳ ಯಜಮಾನರೆಲ್ಲ ಹೋಗುವಾಗ ಒಂದೇ ಮಾತು ಹೇಳುತ್ತಾರೆ: ಮುಂದಿನ ಸಲ ನಿಮ್ಮನ್ನೂ ಕರೆದೊಯ್ಯುತ್ತೇವೆ, ದಾದಾ. ಆ ಮುಂದಿನ ಸಲ ಇದುವರೆಗೆ ಬಂದಿಲ್ಲ. ತಾವು ಎತ್ತರಿಸಿದ ಒಂದು ಗಾಡಿಯೂ ಬೆಟ್ಟ ಹತ್ತುವುದನ್ನು ವೀರಭದ್ರಪ್ಪ ಕಣ್ಣಾರೆ ಕಂಡಿಲ್ಲ. ಮೊಬೈಲಿನಲ್ಲಿ ಮಬ್ಬು ಚಿತ್ರ ತೋರಿಸುತ್ತಾರೆ. "ಚಿತ್ರದಾಗ ಗಾಡಿ ನಿಂತಿರತೈತ್ರಿ. ನಿಂತ ಗಾಡಿ ನಾ ದಿನಾ ನೋಡ್ತೀನಿ" ಎಂದು ನಗುತ್ತಾರೆ. ನಗುವಿನಲ್ಲಿ ಬೇಸರವೂ ಇದೆ. ಮಾತಿಗೆ ತಪ್ಪದೆ ಸೀಟು ಕಾದಿರಿಸಿದವನು ಪ್ರಸನ್ನ ಒಬ್ಬನೇ.

ಆ ಗಾಡಿ ಈಗ ಒಳಗೇ ಸಿಕ್ಕಿಕೊಂಡಿದೆ. ಹೇಗೆ ಎಂದರೆ ವಿಶ್ವಕರ್ಮ ಪೂಜೆಗೆ ಹಿಂದೆ ಹೋಗಬೇಕು.

ಈ ಊರಿನ ಕಾರ್ಖಾನೆ, ಗ್ಯಾರೇಜುಗಳಲ್ಲಿ ಉಪಕರಣಗಳಿಗೆ ಪೂಜೆ ಸೆಪ್ಟೆಂಬರಿನಲ್ಲಿ, ವಿಶ್ವಕರ್ಮನ ಹೆಸರಲ್ಲಿ. ನಮ್ಮ ಆಯುಧ ಪೂಜೆ ನವಮಿಗೆ. ವೀರಭದ್ರಪ್ಪ ಯಾವ ದೇವರನ್ನೂ ಬೇಸರಪಡಿಸುವವರಲ್ಲ, ಎರಡನ್ನೂ ಮಾಡುತ್ತಾರೆ. ಪೂಜೆಗಿಟ್ಟ ಸಾಮಾನು ಆ ದಿನ ಮುಟ್ಟುವಂತಿಲ್ಲ. ಈ ಸಲದ ವಿಶ್ವಕರ್ಮ ಪೂಜೆಯ ದಿನವೇ ಪ್ರಸನ್ನ ಕಮಾನಿನ ನಕ್ಷೆ ಹಿಡಿದು ಓಡಿ ಬಂದ. ದೀಪದ ಸಾಲು ಕ್ಯಾಬಿನ್ನಿನ ಮೇಲಿಂದ ಕಾಣಬೇಕು, ಇನ್ನೊಂದು ಮುಷ್ಟಿ ಎತ್ತರ ಮಾಡೋಣ ಎಂದ. ಬಾಗಿಲಲ್ಲಿ ಹಿಡಿಯುತ್ತದೆಯೇ ಎಂದು ಕೇಳಿಯೂ ಕೇಳಿದ. ಅಳತೆಯ ಟೇಪು ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿತ್ತು. ಬಾಗಿಲನ್ನು ಕೂಡಿಸಿದವರು ವೀರಭದ್ರಪ್ಪನವರೇ, ಅದರ ಎತ್ತರ ಅವರಿಗೆ ಬಾಯಿಪಾಠ. ಹೇಳಿದರು. ಪ್ರಸನ್ನ ಬರೆದುಕೊಂಡ. ಮರುದಿನ ಟೇಪು ಕೆಳಗಿಳಿದ ಮೇಲೂ ಯಾರೂ ಮತ್ತೆ ಅಳೆಯಲಿಲ್ಲ.

ಮರೆತದ್ದು ನೆಲ. ಹೋದ ಮಳೆಗಾಲದಲ್ಲಿ ಓಣಿಯ ನೀರು ಶೆಡ್ಡಿಗೆ ನುಗ್ಗಿತೆಂದು ಅದಾದ ಮೇಲೆ ಇಟ್ಟಿಗೆ ಹಾಸಿ, ಕಾಂಕ್ರೀಟ್ ಸುರಿದು ನೆಲವನ್ನು ಎತ್ತರಿಸಿದ್ದರು. ನೆಲ ಮೇಲೆ ಬಂದಷ್ಟು ಬಾಗಿಲು ಗಿಡ್ಡವಾಗಿತ್ತು. ಗಾಡಿ ಇಷ್ಟು ದಿನ ಟಯರಿಲ್ಲದೆ ಮರದ ದಿಮ್ಮಿಗಳ ಮೇಲೆ ಕೂತಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ನಿನ್ನೆ ಸಂಜೆ ದಪ್ಪ ಟಯರು ಹಾಕಿ ನೆಲಕ್ಕಿಳಿಸಿದರು. ಇಂದು ಹಿಂದಕ್ಕೆ ತೆಗೆಯುವಾಗ ಕಮಾನು ಟಕ್ಕೆಂದು ಲಿಂಟಲಿಗೆ ತಾಗಿತು.

"ಅಲ್ರೀ, ನೆಲಕ್ಕ ನೀರ ಹಾಕಿ ಹಾಕಿ ನನ್ನ ಕೈ ಸೋತಾವು. ಅದೂ ನೆನಪಾಗಲಿಲ್ಲೇನು ನಿಮಗ?" ಎಂದು ಲೀಲಾ ಕೇಳುತ್ತಾರೆ.

ಪಕ್ಕದಲ್ಲೇ ನಿಂತ ಪ್ರಸನ್ನನಿಗೆ ಸಾಲ್ಟ್ ಲೇಕಿನ ಗೆಳೆಯರಿಂದ ಫೋನ್ ಮೇಲೆ ಫೋನ್. "ವೀರಣ್ಣ, ಕಮಾನು ಕತ್ತರಿಸಿಬಿಡಿ. ಬಂದ್ಮೇಲೆ ಮತ್ತೆ ಹಾಕಿದ್ರಾಯ್ತು. ನಾನೇನೂ ಅಂದ್ಕೊಳಲ್ಲ" ಎನ್ನುತ್ತಾನೆ.

"ಕತ್ತರಸೂದೇನು, ಚಾ ಕುಡಿಯೂದ್ರಾಗ ಕತ್ತರಸ್ತೀನಿ. ಆಮ್ಯಾಲೆ ಈ ಗಾಡಿ ಬೆಟ್ಟಕ್ಕ ಕಳಸಂಗಿಲ್ಲ. ಮಗುಚಿದ್ರ ನಿಮ್ಮ ತಲಿ ಕಾಯೂದು ಅದ ಐತಿ. ಹಂಗ ಹೋಗೂದಾದ್ರ ನೀವೂ ಹೋಗಬ್ಯಾಡ್ರಿ, ನಾನೂ ಬರಂಗಿಲ್ಲ."

ಲಿಂಟಲ್ ಒಡೆಯುವಂತಿಲ್ಲ, ಮೇಲೆ ಬೀಣಾ ಮಾಸಿ ಮಲಗಿದ್ದಾರೆ. ನೆಲ ಒಡೆಯಲು ಇಡೀ ದಿನ ಬೇಕು. ದೀಪಗಳನ್ನು ಬಿಚ್ಚಿಟ್ಟರು. ಟಯರುಗಳ ಗಾಳಿ ಅರ್ಧಕ್ಕರ್ಧ ಇಳಿಸಿದರು. ಗಾಡಿ ತಗ್ಗಿತು. ಆದರೂ ಎರಡು ಬೆರಳು ಉಳಿಯಿತು.

ಆಗ ವೀರಭದ್ರಪ್ಪ ಪೆಂಡಾಲಿನ ಕಡೆ ನೋಡುತ್ತಾರೆ. ನಡೆದು ಹೋಗಿ, ಪೂಜೆ ನಡೆಸುವ ಓಣಿಯ ಕ್ಲಬ್ಬಿನವರ ಹತ್ತಿರ ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ಏನೋ ಹೇಳುತ್ತಾರೆ. ಕ್ಲಬ್ಬಿನವರಿಗೆ ಕಾರಣ ಪೂರ್ತಿ ಗೊತ್ತಾಗಬೇಕಿಲ್ಲ, ಸೇರಲು ಒಂದು ನೆಪ ಸಿಕ್ಕರೆ ಸಾಕು. ಭಾರಕ್ಕೆ ಗಾಡಿ ತಗ್ಗಲೆಂದು ಐದಾರು ಮಂದಿ ಬಂದು ತೊಟ್ಟಿಯಲ್ಲಿ ಕೂರುತ್ತಾರೆ. ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಅಲುಗಿದ್ದೇ ಕಾಣುವುದಿಲ್ಲ. ವೀರಭದ್ರಪ್ಪನವರ ಮುಖ ಬಾಡಿದೆ. ಆದರೆ ಒಳಗೊಳಗೇ ಒಂದು ಖುಷಿಯೂ ಆಗುತ್ತಿದೆ. ಅವರು ಬಾಗಿಸಿದ ಪಟ್ಟಿ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಇಂಥ ಹೊತ್ತಿನಲ್ಲಿ ಇಂಥ ಖುಷಿ ಯಾಕೆ ಎಂದು ತಮಗೇ ನಾಚಿಕೆ.

ಢಾಕ್‌ನವರು ಡೋಲು ಸಮೇತ ಹತ್ತುತ್ತಾರೆ. ದೇವಿಯ ನೈವೇದ್ಯದ ಅಡುಗೆಗೆ ಬಂದ ಧಡೂತಿ ಭಟ್ಟರನ್ನು ನಾಲ್ವರು ತಳ್ಳಿ ಹತ್ತಿಸುತ್ತಾರೆ. ಮೀನಿನವನು ಬುಟ್ಟಿ ಕೆಳಗಿಟ್ಟು ಬರುತ್ತಾನೆ, ಯೋಚಿಸಿ ಬುಟ್ಟಿಯನ್ನೂ ಎತ್ತಿಕೊಳ್ಳುತ್ತಾನೆ. ಗದ್ದಲಕ್ಕೆ ಎದ್ದ ಬೀಣಾ ಮಾಸಿ ಇಳಿದು ಬಂದು, ಸಂಗತಿ ತಿಳಿದು, "ಆಮಿಯೋ ಬೋಶ್‌ಬೋ", ನಾನೂ ಕೂರುತ್ತೇನೆ, ಎಂದು ಸೆರಗು ಸಿಕ್ಕಿಸಿ, ತಾವೂ ಹತ್ತಿ ಅಡುಗೆಯವರ ಪಕ್ಕ ಕೂತೇಬಿಡುತ್ತಾರೆ. ತೊಟ್ಟಿ ತುಂಬಿತು. ಸ್ಟೂಲಿನ ಮೇಲಿಂದ ವೀರಭದ್ರಪ್ಪ ಬೆರಳು ತೂರಿಸಿ ನೋಡುತ್ತಾರೆ. ಕಮಾನು ಲಿಂಟಲಿಗೆ ಇನ್ನೂ ಕೂದಲೆಳೆಯಷ್ಟು ತಾಗುತ್ತಿದೆ.

"ಲೀಲಾ, ನೀನೂ ಹತ್ತು."

ಲೀಲಾ ಮಷೀನಿನ ಪಕ್ಕದಿಂದ ಏಳುವುದಿಲ್ಲ. "ಇಷ್ಟ ವರ್ಷ ಸೀಟ್ ಹೊಲದೀನಿ. ಒಂದ್ರಾಗೂ ಕೂತಿಲ್ಲ. ಈಗ ಭಾರಕ್ಕಂತ ತೊಟ್ಟಿಯೊಳಗ ಕೂಡು ಅಂತೀರಿ" ಎನ್ನುತ್ತಾರೆ. ಸಿಟ್ಟಿನ ದನಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದು.

ವೀರಭದ್ರಪ್ಪ ಸ್ಟೂಲಿನಿಂದ ಇಳಿಯುತ್ತಾರೆ. ಮುಂದಿನ ಸಲ ಎಂದು ಮಾತು ಕೊಟ್ಟು ಮರೆತವರ ಮೇಲೆ ತಾವು ಬೇಸರಪಟ್ಟುಕೊಂಡಿದ್ದ ಬಾಬತ್ತೇ ತಮ್ಮ ಮನೆಯಲ್ಲೂ ಇದೆ ಎಂಬುದು ಅವರಿಗೆ ಈಗ ಹೊಳೆದಿದೆ. ಪ್ರಸನ್ನನ ಕಡೆ ತಿರುಗಿ ಕೇಳುತ್ತಾರೆ: "ಒಳಗ ಇನ್ನೊಂದ್ ಜಾಗಾ ಐತೇನ್ರಿ?"

"ಐದು ಜನದ ಕ್ಯಾಬಿನ್ನು, ವೀರಣ್ಣ. ನಾವು ಆಗಿರೋದೇ ನಾಲ್ಕು."

ಲೀಲಾ ಎದ್ದು ಬಂದು ತೊಟ್ಟಿಯ ಅಂಚಿನಲ್ಲಿ ಕೂರುತ್ತಾರೆ. ಎಲ್ಲರೂ ತಲೆ ತಗ್ಗಿಸುತ್ತಾರೆ. ಪ್ರಸನ್ನ ಇಂಜಿನ್ ಹಚ್ಚದೆ ಸ್ಟಿಯರಿಂಗ್ ಹಿಡಿದಿದ್ದಾನೆ, ಉಳಿದವರು ಮುಂದಿನಿಂದ ಮೆಲ್ಲಗೆ ತಳ್ಳುತ್ತಾರೆ. ಕಮಾನು ಲಿಂಟಲಿನ ಸುಣ್ಣವನ್ನು ಸವರಿಕೊಂಡು ಹೊರಬರುತ್ತದೆ. ಢಾಕ್‌ನವರು ಕೂತಲ್ಲೇ ಬಾರಿಸತೊಡಗುತ್ತಾರೆ. ಒಬ್ಬೊಬ್ಬರಾಗಿ ಇಳಿದಂತೆ ಗಾಡಿ ತನ್ನ ಎತ್ತರಕ್ಕೆ ಮರಳುತ್ತದೆ. ವೀರಭದ್ರಪ್ಪ ಚಕ್ರದ ಮೇಲಿನ ಸಂದಿಯಲ್ಲಿ ಅಂಗೈ ಇಟ್ಟು ಅದು ಏರುವುದನ್ನು ಕಾಯುತ್ತಾರೆ. ಎಲ್ಲರೂ ಇಳಿದ ಮೇಲೇ ಕೈ ತೆಗೆದದ್ದು.

ಪೂಜೆ ಮುಗಿದಿದೆ. ಬೆಟ್ಟದಿಂದ ಬಂದ ಗಾಡಿ ಕೆಸರು ಮೆತ್ತಿಕೊಂಡು ಶೆಡ್ಡಿನ ಹೊರಗೆ ನಿಂತಿದೆ, ಒಳಗೆ ತೆಗೆದುಕೊಳ್ಳುವ ತಪ್ಪನ್ನು ಇನ್ನು ಯಾರೂ ಮಾಡುವುದಿಲ್ಲ. ನವಮಿಯ ಆಯುಧ ಪೂಜೆ ಬೆಟ್ಟದ ಮೇಲೇ ಆಯಿತಂತೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವು, ಸ್ಪ್ಯಾನರುಗಳಿಗೆ ಕುಂಕುಮ. "ಟೇಪಿಗೆ?" ಎಂದು ಕೇಳಿದರೆ ವೀರಭದ್ರಪ್ಪ ಕಿಸೆ ಮುಟ್ಟಿ ತೋರಿಸುತ್ತಾರೆ. "ಅದನ್ನ ಇಡಲಿಲ್ರಿ. ದೇವ್ರಿಗೂ ಗೊತ್ತೈತಿ ಯಾಕ ಅಂತ."

ಮುಂದಿನ ಸೀಟಿನಲ್ಲಿ ಕೂತು ಬೆಟ್ಟ ಹೇಗೆ ಕಂಡಿತು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಲೀಲಾ. ಹೊಗೆಯಂಥ ಮೋಡ ಗಾಜಿಗೇ ಬಂದು ತಾಗುತ್ತಿತ್ತು, ತಾವು ಹೊಲಿದ ಸೀಟು ಒಂದು ಕಡೆ ತುಸು ಬಿಗಿಯಾಗಿದೆ, ಬಿಚ್ಚಿ ಹೊಲಿಯಬೇಕು ಎನ್ನುತ್ತಾರೆ. ವೀರಭದ್ರಪ್ಪ ಹಿಂದಿನ ಸೀಟಿನಲ್ಲಿದ್ದರು. ಕಡಿದಾದ ಕಲ್ಲುದಾರಿ ಬಂದಾಗ ಅಲ್ಲಿಂದಲೂ ಇಳಿದುಬಿಟ್ಟರು. ಬೆನ್ನು ನೋವಿನ ಮನುಷ್ಯ, ಚಳಿಯಲ್ಲಿ, ಗಾಡಿಯ ಹಿಂದೆ ಬಗ್ಗಿ ಬಗ್ಗಿ ನೋಡುತ್ತ ಇಡೀ ಏರನ್ನು ನಡೆದೇ ಹತ್ತಿದರು. ಇಷ್ಟು ವರ್ಷ ಕಾದು ಸಿಕ್ಕ ಸೀಟು, ಇಳಿದದ್ದೇಕೆ?

ವೀರಭದ್ರಪ್ಪ ಗೋಡೆ ಹಿಡಿದು ಎದ್ದು, ಕೈ ಒರೆಸಿಕೊಳ್ಳುತ್ತಾರೆ.

"ಒಳಗ ಕೂತ್ರ ಬೆಟ್ಟ ಕಾಣತೈತ್ರಿ. ಕೆಳಗ ನಿಂತ್ರ ನನ್ನ ಪಟ್ಟಿ ಕಾಣತಾವು. ಒಂದೊಂದ್ ಕಲ್ಲಿಗೂ ಬಾಗಿದ್ವು, ಮತ್ತ ಎದ್ದು ನಿಂತ್ವು."