ಕರಗಿಹೋದ ಕೊಳ

ಹೂದಾನಿಯ ನೀರನ್ನು ನಾಲ್ಕು ದಿನ ಬದಲಿಸದೆ ಬಿಟ್ಟರೆ ಅದರ ಒಳಮೈ ಬೆರಳು ಜಾರುವಷ್ಟು ಲೋಳೆಯಾಗುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಗಮನಿಸಿಲ್ಲವಾದರೆ ನೀವು ನನಗಿಂತ ಶುಚಿಯಾದವರು, ಅಭಿನಂದನೆಗಳು. ನಮ್ಮ ಮನೆಯಲ್ಲಿ ಆ ಲೋಳೆಗೆ ನನ್ನ ಆಲಸ್ಯವೇ ಮೂಲಕಾರಣವಾದರೂ, ಮಗಳು "ಯಕ್, ಅಮ್ಮಾ, ಸೋ ಗ್ರೋಸ್!" ಎಂದು ಮೂಗು ಮುಚ್ಚಿಕೊಂಡಾಗ, ಅದು ಬರಿಯ ಕೊಳೆಯಲ್ಲ, ಕೋಟ್ಯಂತರ ಬ್ಯಾಕ್ಟೀರಿಯಾಗಳು ಕೂಡಿ ಕಟ್ಟಿಕೊಂಡ ವಠಾರ ಎಂದು ಗಂಭೀರವಾಗಿ ಉಪನ್ಯಾಸ ಕೊಡುತ್ತೇನೆ. ನೀರಿನ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸುವುದೇ ನನ್ನ ಉದ್ಯೋಗ. ಸಿಡ್ನಿಯಲ್ಲಿ ನಾನಿರುವ ಸಬರ್ಬಿನ ಹೆಸರೂ ದಿ ಪಾಂಡ್ಸ್. ಹೀಗೆ ಕೊಳವೇ ಕಾಯಕ, ಕೊಳವೇ ವಿಳಾಸ; ಕೊಳೆ ಮಾತ್ರ ನನ್ನ ಸ್ವಂತ ಕೊಡುಗೆ.

ಈ ವಿದ್ಯೆಯನ್ನು ನನಗೆ ನಿಜವಾಗಿ ಕಲಿಸಿದವರು ಪ್ರೊಫೆಸರುಗಳಲ್ಲ, ಐರಿನಕ್ಕ. ಉಡುಪಿಯಿಂದ ಓದಲೆಂದು ಮೆಲ್ಬರ್ನಿಗೆ ಬಂದಾಗ ಕ್ರೇಗಿಬರ್ನಿನ ಅವರ ಮನೆಯಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಮಂಗಳೂರು ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರು ಅವರು; ಒಂದು ಸಂಶೋಧನಾಲಯದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಅವರ ಗಂಡ ಲಿಯೋ ಅಂಕಲ್ ಬಕೆಟ್ ಹಿಡಿದು ಮುಂದೆ, ಐರಿನಕ್ಕ ಹಿಂದೆ, ಬಡಾವಣೆಯ ಮಳೆನೀರು ಬಂದು ನಿಲ್ಲುವ ಕೊಳಕ್ಕೆ ಹೋಗುತ್ತಿದ್ದರು. ತಂದ ನೀರನ್ನು ಲ್ಯಾಬಿನಲ್ಲಿ ಸೋಸುಕಾಗದಕ್ಕೆ ಹೊಯ್ದರೆ ಬ್ಯಾಕ್ಟೀರಿಯಾಗಳು ಅದರ ಮೇಲೆ ಉಳಿಯುತ್ತವೆ. ಆ ಕಾಗದವನ್ನು ಬೆರಳುದ್ದದ ಟ್ಯೂಬಿನಲ್ಲಿ ಸುತ್ತಿಟ್ಟು ಅತಿಶೀತಲ ಫ್ರೀಜರಿಗೆ ಸೇರಿಸುವುದು. ಸೋಮವಾರಕ್ಕೊಂದು ಟ್ಯೂಬಿನಂತೆ ಹನ್ನೊಂದು ವರ್ಷ.

ಬರಿಗಣ್ಣಿಗೆ ಕೊಳ ವರ್ಷವಿಡೀ ಅದೇ ಕೊಳ, ಅವೇ ಬಾತುಕೋಳಿಗಳು. ಒಳಗಿನ ಸಂಸಾರ ಮಾತ್ರ ಬದಲಾಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ನೀಲಿಹಸಿರು ಬ್ಯಾಕ್ಟೀರಿಯಾಗಳು ನೀರಿನ ಮೇಲೆಲ್ಲ ಹರಡಿ ಮೆರೆಯುತ್ತವೆ. ಅವು ಸತ್ತಾಗ ಆ ಅವಶೇಷವನ್ನುಂಡು ಬೇರೆ ಕೆಲವು ಹೆಚ್ಚುತ್ತವೆ. ಒಂದು ಜೋರು ಮಳೆ ಬಂದರೆ ಮಣ್ಣಿನಿಂದ ಹೊಸ ಒಕ್ಕಲು ಇಳಿಯುತ್ತದೆ. ಎಲ್ಲೋ ಬೆರಳೆಣಿಕೆಯಷ್ಟು ಉಳಿದಿದ್ದ ಬಗೆಯೊಂದು ಮರುವರ್ಷ ಇಡೀ ಕೊಳವನ್ನೇ ತುಂಬಿದರೂ ತುಂಬೀತು. ಯಾರು ಹೋದಾಗ ಯಾರು ಬಂದರೆಂದು ತಿಳಿಯಬೇಕಾದರೆ ಬಿಡದೆ ನೋಡುವವರೊಬ್ಬರು ಬೇಕು.

"ಒಂದು ವಾರ ತಪ್ಪಿದ್ರೆ ಎಂತ ಆಗ್ತದೆ ಐರಿನಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಕೊಳಕ್ಕೆ ಎಂತದೂ ಆಗುದಿಲ್ಲ ಮಾರಾಯ್ತಿ. ನಮಗೆ ಗೊತ್ತಾಗುದಿಲ್ಲ, ಅಷ್ಟೇ."

ಈ ಸೋಮವಾರಗಳ ಎಂಟನೆಯ ವರ್ಷದಲ್ಲಿ ಲಿಯೋ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಶುಕ್ರವಾರ ಅವರನ್ನು ಮಣ್ಣು ಮಾಡಿ ಬಂದ ಐರಿನಕ್ಕ, ಸೋಮವಾರ ಬಕೆಟನ್ನು ತಾವೇ ಎತ್ತಿಕೊಂಡು ಹೊರಟರು. ಆ ವೇಳೆಗೆ ಸಿಡ್ನಿಯಲ್ಲಿ ಕೆಲಸಕ್ಕೆ ಸೇರಿದ್ದ ನಾನು, ಅಂತ್ಯಸಂಸ್ಕಾರಕ್ಕೆಂದು ಬಂದವಳು, ಹಿಂದೆ ನಡೆದೆ.

ಅವರು ನಿವೃತ್ತರಾದಾಗ ಮೊದಲ ಮೂರು ವರ್ಷಗಳ ಟ್ಯೂಬುಗಳಷ್ಟೇ ಪರೀಕ್ಷೆಗೆ ಬಳಕೆಯಾಗಿ ಮುಗಿದಿದ್ದವು. ಉಳಿದವನ್ನು ನಮ್ಮ ಲ್ಯಾಬಿಗೆ ತರಿಸಿಕೊಳ್ಳುತ್ತೇನೆಂದು ನಾನೇ ಮುಂದೆ ಬಿದ್ದು ಮಾತು ಕೊಟ್ಟೆ. ಬೇಕಿದ್ದದ್ದು ಒಂದು ಫಾರಂ, ನನ್ನದೊಂದು ಸಹಿ. ಫಾರಂ ಇಮೇಲಿನಲ್ಲಿ ಬಂತು. ನಾಳೆ ನೋಡೋಣವೆಂದು ಬಿಟ್ಟೆ. ಹಾಗೆ ಎಷ್ಟು ನಾಳೆಗಳು ಕಳೆದವೋ, ಒಂದು ಬೇಸಿಗೆಯೇ ಮುಗಿಯಿತು. ಮೂರು ದಿನ ರಜೆಯಿದ್ದ ಒಂದು ವಾರಾಂತ್ಯದಲ್ಲಿ ಆ ಫ್ರೀಜರ್ ಕೆಟ್ಟಿತು. ಎಚ್ಚರಿಕೆಯ ಕರೆ ಹೋಗುತ್ತಿದ್ದದ್ದು ಐರಿನಕ್ಕನ ಹಳೆಯ ಮೇಜಿನ ಫೋನಿಗೆ. ಖಾಲಿ ಕೋಣೆಯಲ್ಲಿ ಅದು ಹೊಡೆದುಕೊಂಡೇ ಇತ್ತಂತೆ. ಎಂಟು ವರ್ಷಗಳ ಕೊಳ ಕರಗಿ, ಕೊಳೆತು, ಕಸಕ್ಕೆ ಹೋಯಿತು.

ಫೋನಿನಲ್ಲಿ ಹೇಳುವ ಸುದ್ದಿ ಇದಲ್ಲವೆಂದು ವಿಮಾನ ಹತ್ತಿದೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಫ್ರೀಜರಿನ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ ಕೂಡ. ಆದರೆ ಅವರು ನನಗೆ ಮೀನುಸಾರು ಬಡಿಸಲು ಎದ್ದದ್ದನ್ನು ಕಂಡು ಬಾಯಿ ಬಿಟ್ಟುಬಿಟ್ಟೆ: "ಫಾರಂ ನನ್ನ ಹತ್ರವೇ ಇತ್ತು ಐರಿನಕ್ಕ. ನಾನೇ ಕಳಿಸ್ಲಿಲ್ಲ."

ಅವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೂತರು. ಕೇಳಿದರು: "ಖಾಲಿ ಟ್ಯೂಬ್ ಆದ್ರೂ ಉಂಟಾ?"

ನನಗೆ ಅರ್ಥವಾಗಲಿಲ್ಲ. "ಖಾಲಿ ಟ್ಯೂಬ್ ಯಾಕೆ?"

"ಅದರ ಮೇಲಿನ ಚೀಟಿ ಲಿಯೋ ಬರೀತಿದ್ದದ್ದು. ನನ್ನ ಅಕ್ಷರ ಯಾರಿಗೂ ಓದ್ಲಿಕ್ಕೆ ಆಗುದಿಲ್ಲ ಅಂತ, ಪ್ರತಿ ಸೋಮವಾರ ಕೊಳದಿಂದ ಬಂದು ಇಲ್ಲೇ ಕೂತು ಬರೀತಿದ್ದ. ತಾರೀಕು, ಹವೆ ಹೇಗುಂಟು, ಎಲ್ಲ."

ಹೊರಗೆ ಹೋಗಿ ಅವರ ಹಳೆಯ ಲ್ಯಾಬಿಗೆ ಫೋನ್ ಮಾಡಿದೆ. ಟ್ಯೂಬು ಸಮೇತ ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ ವಿಲೇವಾರಿ ಮಾಡಿ ಎರಡು ವಾರವಾಯಿತು ಎಂದರು. ಬ್ಯಾಕ್ಟೀರಿಯಾಗಳಿಗಾಗಿ ನಾನು ದುಃಖಿಸಿದ್ದೆ, ಪ್ರಕಟವಾಗದೆ ಹೋದ ಪ್ರಬಂಧಗಳಿಗಾಗಿ ದುಃಖಿಸಿದ್ದೆ. ಆ ಟ್ಯೂಬುಗಳ ಮೇಲೆ ಒಬ್ಬ ಮನುಷ್ಯನ ಕೈಬರಹವಿದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ಕೊಳದಲ್ಲಿ ಒಂದು ಬಗೆ ಅಳಿದರೆ ಆ ಜಾಗಕ್ಕೆ ಮತ್ತೊಂದು ಬರುತ್ತದೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ನಾನು. ಐರಿನಕ್ಕನ ಎದುರು ಆ ಪಾಠ ಯಾವ ಕೆಲಸಕ್ಕೂ ಬರಲಿಲ್ಲ.

ಸಂಜೆ ಅವರೇ ಏರ್‌ಪೋರ್ಟಿಗೆ ಬಿಟ್ಟರು. ನಾನು ಕಾರಿನಿಂದ ಇಳಿಯುವಾಗ ಹೇಳಿದರು: "ಪರವಾಗಿಲ್ಲ ಅಂತ ಹೇಳ್ಲಿಕ್ಕೆ ನನಗೆ ಈಗ ಆಗುದಿಲ್ಲ ಸುಮತಿ. ಸುಳ್ಳು ಹೇಳಿದ ಹಾಗೆ ಆಗ್ತದೆ. ಆದ್ರೆ ನೀನು ಫೋನ್ ಮಾಡುದು ಬಿಡಬೇಡ."

ಬಿಟ್ಟಿಲ್ಲ. ಅವರ ಮಂಡಿನೋವು, ನನ್ನ ಮಗಳ ಪರೀಕ್ಷೆ, ಅಲ್ಲಿಯ ಚಳಿ, ಇಲ್ಲಿಯ ಸೆಕೆ, ಎಲ್ಲ ಮಾತಾಡುತ್ತೇವೆ. ಆ ಒಂದು ಮಾತು ಅವರಿಂದ ಇನ್ನೂ ಬಂದಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ. ಆದರೆ ಕರೆ ಮಾಡಿದಾಗಲೆಲ್ಲ ಐರಿನಕ್ಕ ಎರಡನೆಯ ರಿಂಗಿಗೇ ಎತ್ತಿಕೊಳ್ಳುತ್ತಾರೆ.